ಒಂದು ನಿಮಿಷದ ಕಣ್ಣೀರು

ಪ್ರಿಯ ಗೆಳೆಯ,

ರೀಲ್ಸ್ ನೋಡಿ ಬರುವ ಕಣ್ಣೀರು ಭಾವನೆಯೇ ಅಲ್ಲ, ಬರೀ ಕಚಗುಳಿ ಎಂದು ಬರೆದಿದ್ದೀಯ. ಒಪ್ಪಲು ನನಗೆ ಮನಸ್ಸು ಬರುತ್ತಿಲ್ಲ. ಚಿಕ್ಕದರಲ್ಲಿ ಆಳ ಇರದು ಎನ್ನುವುದಾದರೆ ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಏನೆನ್ನೋಣ? ಸುಮಾರು ಕ್ರಿ.ಶ. 700ರ ಆ ತ್ರಿಪದಿಗಳನ್ನು ಓದಲು ಒಂದು ನಿಮಿಷ ಸಾಕು. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂದು ಓದುವಾಗೆಲ್ಲ, ಹೆಸರು ಬಿಟ್ಟರೆ ಹೆಚ್ಚೇನೂ ತಿಳಿಯದ ಆ ವೀರನ ಮೇಲೆ ನನಗೆ ಅಕ್ಕರೆ ಉಕ್ಕುತ್ತದೆ.

ಇನ್ನು ಮೊಬೈಲಿಗೇ ಬರುತ್ತೇನೆ. ಕಿವಿ ಕೇಳದ ಮಗುವಿಗೆ ಒಳಗಿವಿಗೆ ಜೋಡಿಸಿ ಸದ್ದು ಕೇಳಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣದ ಶಸ್ತ್ರಚಿಕಿತ್ಸೆಯಾಗಿ, ಕೆಲವು ವಾರಗಳ ಮೇಲೆ ಅದನ್ನು ಮೊದಲ ಬಾರಿಗೆ ಚಾಲೂ ಮಾಡುವ ವಿಡಿಯೊಗಳನ್ನು ನೀನೂ ನೋಡಿರುತ್ತೀಯ. ತಾಯಿ ಹೆಸರು ಹಿಡಿದು ಕರೆಯುತ್ತಾಳೆ. ಆಟಿಕೆ ಹಿಡಿದ ಕೈ ನಿಲ್ಲುತ್ತದೆ, ಕಣ್ಣು ಅಗಲವಾಗುತ್ತದೆ, ತುಟಿ ಅದುರುತ್ತದೆ. ಅಳಬೇಕೋ ನಗಬೇಕೋ ಮಗುವಿಗೇ ತಿಳಿಯದು. ಇಲ್ಲಿ ಯಾರೂ ಏನನ್ನೂ ಕತ್ತರಿಸಿ ಚಿಕ್ಕದು ಮಾಡಿಲ್ಲ. ಆ ಗಳಿಗೆ ಇರುವುದೇ ಅಷ್ಟು. ಅದನ್ನು ಮೂರು ಗಂಟೆಯ ಸಿನಿಮಾಕ್ಕೆ ಎಳೆದರೆ ಕೆಡುತ್ತದೆ.

ನಿನ್ನ ಸಿಟ್ಟಿನಲ್ಲಿ ನಿಜವೂ ಇದೆ. ಆ ಮೊದಲ ಸದ್ದು ಮಗುವಿಗೆ ಮಾತಾಗಿ ಕೇಳುವುದಿಲ್ಲ. ಎಷ್ಟೋ ಮಕ್ಕಳು ಬೆದರಿ ಅಳುತ್ತಾರೆ. ಸದ್ದು ಅರ್ಥವಾಗಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ತರಬೇತಿ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಜೊತೆ ಕುಳಿತು ಕಲಿಯುತ್ತಾರೆ. ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಕೊಡುವ ಆ ತಾಳ್ಮೆ ಯಾವ ರೀಲ್ಸಿಗೂ ದಕ್ಕದು. ಒಂದು ನಿಮಿಷ ನೋಡಿದವರು ಆ ತಾಯಿಯ ಬದುಕೇ ತಮಗೆ ತಿಳಿಯಿತು ಎಂದುಕೊಂಡರೆ ನನಗೂ ಸಂಕಟವಾಗುತ್ತದೆ.

ನನಗೆ ನಿಜಕ್ಕೂ ಕೋಪ ಬರುವುದು ತಾಯಿಯ ದನಿಯ ಮೇಲೆ ಅಳು ಬರಿಸುವ ಪಿಟೀಲನ್ನು ಅಂಟಿಸಿದಾಗ. ಮಗು ಕೇಳಿಸಿಕೊಂಡ ದನಿಯನ್ನೇ ನಮಗೆ ಕೇಳಿಸದ ಹಾಗೆ ಮಾಡುತ್ತಾರೆ! ಆಮೇಲೆ ಆ ಮುಖ ಕಣ್ಣಿಂದ ಮರೆಯಾಗುವ ಮೊದಲೇ ಯಾವುದೋ ಸೀರೆಯ ಜಾಹೀರಾತು. ಬೀಸುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳೂ ಮೂರೇ ಸಾಲಿನವು. ತವರಿನ ಒಂದು ಪದ ಮುಗಿದು ಇನ್ನೊಂದು ಹುಟ್ಟುವ ನಡುವೆ ಕಲ್ಲು ತಿರುಗುತ್ತಿತ್ತು. ಹಾಡಿದವಳಿಗೂ ಕೇಳಿದವಳಿಗೂ ಅದು ಒಳಗಿಳಿಯಲು ಹೊತ್ತು ಸಿಗುತ್ತಿತ್ತು. ಮೊಬೈಲು ಕಸಿದಿರುವುದು ಆ ಹೊತ್ತನ್ನು.

ಸಂಗೀತ ಅಂಟಿಸದ ಒಂದು ವಿಡಿಯೊ ಕಳುಹಿಸಿದ್ದೇನೆ. ನೋಡಿ, ಮುಂದಿನದಕ್ಕೆ ಹೋಗದೆ ಫೋನನ್ನು ಬದಿಗಿಡು. ಮರುದಿನ ಏನು ಉಳಿದಿದೆ ಎಂದು ನನಗೆ ಬರೆ. ಏನೂ ಉಳಿದಿಲ್ಲವಾದರೆ ಅದನ್ನೂ ಬರೆ.

ನಿನ್ನ ಗೆಳೆಯ