ಶನಿವಾರದಿಂದ ಮಂಗಳವಾರದವರೆಗೆ

ಡೊಂಬಿವಲಿ

ಪ್ರಿಯ ಮಧು,

ಮೊನ್ನೆ ಮಂಗಳವಾರ ಡಯಾಲಿಸಿಸ್ ನಡುವೆ ಬಿ.ಪಿ. ಇಳಿದು ನಿನಗೆ ಕಣ್ಣು ಕತ್ತಲೆ ಬಂತಂತೆ. ನಿನ್ನಮ್ಮ ಫೋನಿನಲ್ಲಿ ಅತ್ತಳು. ನೀನು ಮಷೀನನ್ನು ಬೈದೆಯಂತೆ. ಮೊದಲ ವರ್ಷ ನಾನೂ ಅದನ್ನೇ ಬೈಯುತ್ತಿದ್ದೆ. ಆದರೂ ಕೇಳುತ್ತೇನೆ: ಭಾನುವಾರ ಮಾಟುಂಗದ ಮದುವೆಯಲ್ಲಿ ಏನೇನು ಕುಡಿದೆ?

ನಿನ್ನ ಪಾಳಿ ಮಂಗಳ, ಗುರು, ಶನಿ. ಶನಿವಾರ ಬಿಟ್ಟರೆ ಮತ್ತೆ ಮಂಗಳವಾರವೇ. ನಮ್ಮಂಥವರಿಗೆ ಆ ಉದ್ದದ ಬಿಡುವೇ ಗಂಡಾಂತರ. ನಾನೊಮ್ಮೆ ಅಷ್ಟರಲ್ಲಿ ಕುಡಿದ ನೀರು ಮೈಯಲ್ಲೇ ಉಳಿದು 4 ಕಿಲೋ ತೂಕ ಏರಿಸಿಕೊಂಡು ಹೋಗಿದ್ದೆ. ಮಷೀನು ನೀರು ಎಳೆಯುವುದು ರಕ್ತದಿಂದ. ಮೈಯಲ್ಲಿ ಹರಡಿಕೊಂಡ ನೀರು ರಕ್ತಕ್ಕೆ ಬಂದು ಸೇರಲು ಹೊತ್ತು ಬೇಕು. 4 ಗಂಟೆಯಲ್ಲಿ ಅಷ್ಟೂ ಎಳೆದರೆ ಪುರುಸೊತ್ತೆಲ್ಲಿ? ಬಿ.ಪಿ. ಬಿತ್ತು, ಮೀನಖಂಡ ಹಿಡಿದುಕೊಂಡಿತು. ವಾರ್ಡಿಗೆಲ್ಲ ಕೇಳುವ ಹಾಗೆ ಕಿರುಚಿದೆ.

ನೀರಿಗಿಂತ ಉಪ್ಪೇ ದೊಡ್ಡ ಕಳ್ಳ. ಉಪ್ಪಿನಕಾಯಿ, ಹಪ್ಪಳ, ವಡಾಪಾವ್ ತಿಂದ ಮೇಲೆ ಬಾಯಾರದೆ ಇರುತ್ತದಾ? ಹಾಗಂತ ‘ಲೋ ಸೋಡಿಯಂ’ ಉಪ್ಪು ತರಬೇಡ. ಅಂಥವುಗಳಲ್ಲಿ ಪೊಟ್ಯಾಸಿಯಂ ಇರುವುದೇ ಜಾಸ್ತಿ. ಅದು ಏರಿದರೆ ಹೃದಯವೇ ತಾಳ ತಪ್ಪುತ್ತದೆ, ಮುಂಚೆ ಹೇಳದೆ ಕೇಳದೆ. ತಂಪು ಅಂತ ಯಾರೇ ಎಳನೀರು ಕೊಟ್ಟರೂ ಬೇಡ ಅನ್ನು, ಅದರಲ್ಲೂ ಪೊಟ್ಯಾಸಿಯಂ ಇದೆ. ಇನ್ನು ಇಲ್ಲಿ ಶಾಲೆ ಹೊರಗೆ ಉಪ್ಪು ಖಾರ ಹಚ್ಚಿ ಮಾರುವ ಕಮರಖ್ ಇದೆಯಲ್ಲ, ನಮ್ಮೂರಿನ ಧಾರೆಹುಳಿ, ಅದನ್ನು ಮುಟ್ಟಲೂ ಬೇಡ. ಕಿಡ್ನಿ ಸರಿ ಇದ್ದವರಲ್ಲಿ ಅದರ ವಿಷ ಹೊರಗೆ ಹೋಗುತ್ತದೆ. ನಮ್ಮಲ್ಲಿ ಉಳಿದು ಮಿದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಡಯಾಲಿಸಿಸ್ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಬೇಕಾ ಅಂತ ಡಾಕ್ಟರನ್ನು ಕೇಳು. ನೀನಾಗಿಯೇ ಬಿಡಬೇಡ. ಊಟದ ರಂಜಕ (ಫಾಸ್ಫರಸ್) ರಕ್ತಕ್ಕೆ ಸೇರದಂತೆ ತಡೆಯುವ ಮಾತ್ರೆ ಊಟದ ಜೊತೆಗೇ ಆಗಬೇಕು, ಇಲ್ಲದಿದ್ದರೆ ಸುಮ್ನೆ ದಂಡ.

ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ ಜಾಗ, ಇರುವ ಎಡಗೈಯಿಂದ ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿದು ನೇತಾಡಬೇಡ. ಆ ಕೈಗೆ ವಾಚ್ ಬೇಡ, ಬಿ.ಪಿ. ಪಟ್ಟಿಯೂ ಬೇಡ. ದಿನಾ ಎದ್ದ ಕೂಡಲೇ ಮುಟ್ಟಿ ನೋಡು. ಬೆಕ್ಕು ಗುರುಗುಟ್ಟಿದ ಹಾಗೆ ಜುಮ್ಮೆನ್ನಬೇಕು. ಆ ಜುಮ್ಮು ನಿಂತಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡು, ಆಫೀಸು ಮುಗಿಸಿ ಅಲ್ಲ. ಚಳಿಜ್ವರ ಬಂದರೂ ಹಾಗೆಯೇ.

ಮತ್ತೆ, ತಲೆ ಹಗುರ ಅನಿಸಿದ ಕೂಡಲೇ ಸಿಸ್ಟರ್‌ಗೆ ಹೇಳು. ನೀನು ಹಲ್ಲು ಕಚ್ಚಿ ಕೂರುವ ಜಾತಿ, ನನ್ನ ಹಾಗೆ.

ಈ ಭಾನುವಾರ ನಮ್ಮಲ್ಲಿಗೇ ಬಾ. ದೊಡ್ಡಮ್ಮ ತರಕಾರಿ ಬೇಯಿಸಿ, ಪೊಟ್ಯಾಸಿಯಂ ಇಳಿದ ನೀರು ಚೆಲ್ಲಿ ಪಲ್ಯ ಮಾಡುತ್ತಾಳೆ. ರುಚಿ ಅಷ್ಟಕ್ಕಷ್ಟೇ, ಅವಳಿಗೆ ಹೇಳಬೇಡ. ನೀರು ಮಾತ್ರ ಚಿಕ್ಕ ಲೋಟದಲ್ಲೇ ಸಿಗುತ್ತದೆ.

ನಿನ್ನ ದೊಡ್ಡಪ್ಪ