ವರ್ಣದ ಕವಲಿನಲ್ಲಿ ದಾರಿ ತಪ್ಪಿದವನ ಪತ್ರ

ಮೈಸೂರು, ಭಾನುವಾರ

ಪ್ರಿಯ ಗೆಳೆಯ,

ಮಂಡ್ಯದ ಸಂಗೀತ ಕಚೇರಿಯಲ್ಲಿ ಪಿಟೀಲು ಕಲಿಯುವ ನಿನ್ನ ಶಿಷ್ಯೆ, ನಾವು ಕಚೇರಿಯ ಮೊದಲಿಗೆ ನುಡಿಸುವ ರಚನೆಯಾದ ವರ್ಣದ ನಡುವೆ ಮರೆತು ಅತ್ತಳೆಂದೂ, ‘ಸಾಧನೆ ಸಾಲದು, ಇನ್ನೂ ನೂರು ಸಲ ನುಡಿಸು’ ಎಂದು ನೀನು ಗದರಿದೆಯೆಂದೂ ಬರೆದಿದ್ದೀಯೆ. ಗದರಿದ್ದು ನನಗೆ ಸರಿಕಾಣಲಿಲ್ಲ ಮಾರಾಯ.

ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ನನ್ನ ಪಾಡು ಏನಾಯಿತೆಂದು ಮರೆತೆಯಾ? ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತಿದ್ದವನು ನೀನೇ. ಮೋಹನ ರಾಗದ ವರ್ಣ. ಅದರ ಕೊನೆಯ ಭಾಗದಲ್ಲಿ ಚರಣವೆಂಬ ಒಂದೇ ಸಾಲು ಮರಳಿ ಮರಳಿ ಬರುತ್ತದೆ, ಪ್ರತಿ ಸಲ ಅದರ ಬೆನ್ನಿಗೆ ಬೇರೊಂದು ಸ್ವರಗುಚ್ಛ, ಅದೇ ಎತ್ತುಗಡೆ ಸ್ವರ. ಎರಡನೆಯ ಎತ್ತುಗಡೆ ಸ್ವರ ಮುಗಿಸಿ ಚರಣದ ಸಾಲಿಗೆ ಬಂದೆ. ಮುಂದೆ? ಬೆರಳು ತಾನಾಗಿ ಮತ್ತೆ ಎರಡನೆಯದನ್ನೇ ಹಿಡಿಯಿತು. ಮತ್ತೆ ಚರಣ, ಮತ್ತೆ ಅದೇ ಸ್ವರ. ಗಾಣದ ಎತ್ತಿನಂತೆ ಸುತ್ತುತ್ತಿದ್ದವನನ್ನು ಮೃದಂಗದವರು ಮುಕ್ತಾಯದ ಪೆಟ್ಟುಗಳಾದ ತೀರ್ಮಾನ ಹಾಕಿ ನಿಲ್ಲಿಸಿದರು. ವೀಣೆಯಲ್ಲಿ ಆ ವರ್ಣವನ್ನು ಸಾವಿರ ಸಲ ನುಡಿಸಿದ್ದೆ. ಪ್ರತಿ ಸಲವೂ ಪಲ್ಲವಿಯಿಂದಲೇ!

ರೋಜರ್ ಚಾಫಿನ್ ಎಂಬ ಮನಶ್ಶಾಸ್ತ್ರಜ್ಞರು, ಪಿಯಾನೋ ನುಡಿಸುವ ಗೇಬ್ರಿಯೆಲಾ ಇಮ್ರೆಯವರ ಸಾಧನೆಯನ್ನು ವಿಡಿಯೋ ಮಾಡಿ ಅಧ್ಯಯನ ಮಾಡಿದ್ದಾರೆ. ಆಕೆ ಕಲಿಯುತ್ತಿದ್ದದ್ದು ಪಾಶ್ಚಾತ್ಯ ಸಂಗೀತದ ರಚನಕಾರ ಬಾಖ್‌ನ ಇಟಾಲಿಯನ್ ಕಾನ್ಸರ್ಟೋ ಎಂಬ ಕೃತಿಯ ಕೊನೆಯ ಭಾಗ. ಅಲ್ಲಿಯೂ ನಮ್ಮ ಚರಣದ ಹಾಗೆ ಒಂದೇ ಸಾಲು ಮರಳಿ ಬಂದು ಪ್ರತಿ ಸಲ ಬೇರೆ ಕಡೆ ಹೊರಳುತ್ತದೆ. ಎರಡು ವರ್ಷ ಕಳೆದ ಮೇಲೆ ಆಕೆ ಮೊದಲ ಪುಟವನ್ನು ನೆನಪಿನಿಂದ ಬರೆದಾಗ, ಖಂಡಗಳು ಆರಂಭವಾಗುವ ಜಾಗಗಳೇ ಚೆನ್ನಾಗಿ ಉಳಿದಿದ್ದವು. ಬೆರಳಿನ ನೆನಪು ಸರಪಳಿ. ಒಂದು ಕೊಂಡಿ ಕಳಚಿದರೆ ಮತ್ತೆ ಮೊದಲಿಗೇ ಓಡಬೇಕು. ನಡುವೆ ಹೊಕ್ಕಲು ಬಾಗಿಲುಗಳನ್ನು ನಾವೇ ಇಡಬೇಕು.

ಸಂಗೀತದ ಸೀನಿಯರ್ ಪರೀಕ್ಷೆಗೆ ಕೂರುವ ಹುಡುಗಿಯೊಬ್ಬಳಿಗೆ ‘ಮೂರನೆಯ ಎತ್ತುಗಡೆಯಿಂದ ಹಿಡಿ’ ಎಂದೆ. ಮೀಟದೆ ಕೂತಳು. ನೋಡಿದರೆ ತುಟಿ ಅಲ್ಲಾಡುತ್ತಿದೆ: ಪಲ್ಲವಿಯಿಂದ ಗುಟ್ಟಾಗಿ ಹಾಡಿಕೊಂಡು ಬರುತ್ತಿದ್ದಾಳೆ! ಈಗ ಚರಣದ ಸಾಲು ಮುಗಿಯುವ ಮೊದಲೇ ಮುಂದಿನ ಸ್ವರದ ಮೊದಲ ಅಕ್ಷರವನ್ನು ಬಾಯಲ್ಲಿ ಹೇಳಿಸುತ್ತೇನೆ. ಕೆಲವು ದಿನ ಕೊನೆಯ ಸ್ವರದಿಂದ ಹಿಂದಕ್ಕೆ ಬರುತ್ತೇವೆ. ಅವಳಿಗೆ ಕಿರಿಕಿರಿ, ನನಗೂ ಸ್ವಲ್ಪ.

ಕೈನಡುಕದ ಬಗ್ಗೆ ಕೇಳಿದ್ದೀಯೆ. 2014ರಲ್ಲಿ ಪ್ರಕಟವಾದ ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ ಅವರ ಪ್ರಯೋಗದಲ್ಲಿ, ಹಾಡುವ ಮೊದಲು ‘ನನಗೆ ಹುರುಪಾಗಿದೆ’ ಎಂದುಕೊಂಡವರು ‘ನನಗೆ ಆತಂಕವಾಗಿದೆ’ ಎಂದುಕೊಂಡವರಿಗಿಂತ ಚೆನ್ನಾಗಿ ಹಾಡಿದರು. ಎದೆಬಡಿತ ಎರಡರಲ್ಲೂ ಒಂದೇ ತಾನೇ. ಹೇಳಿಸಿ ನೋಡು. ಆದರೆ ಕವಲು ತಿಳಿಯದವನಿಗೆ ಹುರುಪು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಆ ಮಗುವನ್ನು ಪಿಟೀಲಿನೊಂದಿಗೆ ಕರೆಸಿರು. ಅಷ್ಟರೊಳಗೆ ಅವಳಿಗೆ ನನ್ನ ಪೆಂಡಾಲಿನ ಕಥೆ ಹೇಳಿಬಿಡು, ಮೃದಂಗದವರ ಮುಖವನ್ನೂ ಅಣಕಿಸಿ ತೋರಿಸು.

ನಿನ್ನ ಗೆಳೆಯ