ಬಿಟ್ಟಿ ಅಕ್ಕಿ, ಬಿಟ್ಟಿ ಕರೆಂಟು: ಕೋಲಾರದ ಗೆಳೆಯನಿಗೊಂದು ಪತ್ರ

ಗೆಳೆಯಾ,

ಬಿಟ್ಟಿ ಅಕ್ಕಿ ತಿಂದು ಜನ ಸೋಮಾರಿಗಳಾದರು, ಟೊಮ್ಯಾಟೊ ಕೀಳೋಕೆ ಒಂದಾಳೂ ಸಿಗಲ್ಲ ಅಂತ ಮೊನ್ನೆ ಮದುವೆ ಮನೆಯಲ್ಲಿ ಹೇಳಿದೆಯಲ್ಲ, ಉತ್ತರ ಅಲ್ಲೇ ಕೊಡಬಹುದಿತ್ತು. ನಿಮ್ಮ ಮಾವ ಪಕ್ಕದಲ್ಲಿದ್ದರು, ಸುಮ್ಮನಾದೆ.

ನೀನು ಕಷ್ಟಪಟ್ಟವನೇ, ಇಲ್ಲ ಅನ್ನಲ್ಲ. ಆದರೆ ನಿನ್ನ ಪಕ್ಕದ ಹೊಲದವನೂ ಅಷ್ಟೇ ಕಷ್ಟಪಟ್ಟ ಕಣೋ. ಇಬ್ಬರೂ ಸಾಲ ಮಾಡಿಯೇ ಬೋರ್ ಹಾಕಿಸಿದಿರಿ. ನೀರಿನ ಪಾಯಿಂಟ್ ನೋಡಿದವರೂ ಒಬ್ಬರೇ, ಅಂಗೈ ಮೇಲೆ ಅದೇ ತೆಂಗಿನಕಾಯಿ. ನಿನಗೆ ನೀರು ಬಿತ್ತು. ಅವನ ಹೊಲದಲ್ಲಿ ರಿಗ್ ಲಾರಿ ರಾತ್ರಿಯೆಲ್ಲ ಕೊರೆದು 1200 ಅಡಿ ದಾಟಿದರೂ ಬಂದಿದ್ದು ಬರೀ ಬಿಳಿ ಧೂಳು, ಬೆಳಿಗ್ಗೆ ಅವನ ಹೆಂಡತಿ ಇದ್ದಬದ್ದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಆ ಧೂಳನ್ನು ಸೆರಗಲ್ಲಿ ಒರೆಸುತ್ತಿದ್ದಳು, ರೇಷ್ಮೆ ಹುಳಕ್ಕೆ ಹಾಕಬೇಕಲ್ಲ. ನೀರು ಬರಲಿ ಬಿಡಲಿ, ಅಡಿ ಲೆಕ್ಕದ ದುಡ್ಡು ಕೊಡಲೇಬೇಕು. ಈಗ ಅವನು ಮಂಡಿಯಲ್ಲಿ ಹಮಾಲಿ, ನಿನ್ನದೇ ಟೊಮ್ಯಾಟೊ ಬಾಕ್ಸ್ ಇಳಿಸುತ್ತಾನೆ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ನೀನು ಕಾರು ತಗೊಂಡೆ (ತಪ್ಪೇನಿಲ್ಲ, ಅದರಲ್ಲಿ ತಿರುಪತಿಗೆ ನಾನೂ ಬಂದೆ). ಬೆಲೆ ನೆಲಕಚ್ಚಿ ಹಣ್ಣು ರಸ್ತೆಗೆ ಸುರಿದ ವರ್ಷ ನೀನೇನು ಸೋಮಾರಿಯಾಗಿದ್ದೆಯಾ?

ಬಿಟ್ಟಿ ಅಂತೀಯ. ನಿನ್ನ ಮೋಟಾರಿಗೆ ಕರೆಂಟ್ ಬಿಲ್ ಬರುತ್ತಾ? 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರವೇ ಕಟ್ಟುತ್ತೆ. ಡ್ರಿಪ್‌ಗೆ ಸಬ್ಸಿಡಿ. ವ್ಯವಸಾಯದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಬಂದಮೇಲೆ ನಿನ್ನ ಬೋರ್ ಮತ್ತೆ ಜೋರಾಯ್ತು, ಅದು ಬೆಂಗಳೂರಿನವರ ಬಚ್ಚಲ ನೀರನ್ನು ಸಂಸ್ಕರಿಸಿ ಬಿಟ್ಟಿದ್ದೇ ಇರಲಿ. ಇದೆಲ್ಲ ರೈತನ ಹಕ್ಕು ಅಂತೀಯ, ನಾನೂ ಹೌದು ಅಂತೀನಿ. ಹಾಗಿದ್ದರೆ ಆ ಪಕ್ಕದ ಹೊಲದವನ ಹೆಂಡತಿಗೆ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿ 2000 ರೂಪಾಯಿ ಮಾತ್ರ ಯಾಕೆ ಬಿಟ್ಟಿ?

ಕುಡಿತ, ಸಾಲ ಮಾಡಿ ಜೋರಾಗಿ ಮದುವೆ ಮಾಡೋದು, ಇವಕ್ಕೆ ಸರ್ಕಾರವನ್ನು ಬೈದು ಉಪಯೋಗವಿಲ್ಲ ಅಂತ ನೀನಂದೆ. ಅದು ಸರಿ. ಆದರೆ ಕುಡಿಯೋರು ಎಲ್ಲ ಮನೆಯಲ್ಲೂ ಇದ್ದಾರೆ, ಉಳ್ಳವನು ಕುಡಿದರೆ ಹೊಲ ಉಳಿಯುತ್ತೆ, ಅಷ್ಟೇ.

ಇನ್ನು ಆಳಿನ ಮಾತು. ನಿನ್ನ ತೋಟದಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ನರಸಾಪುರದ ಕಡೆಯಿಂದ ಫ್ಯಾಕ್ಟರಿ ಬಸ್ಸು ಊರೊಳಗೇ ಬಂದು ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತೆ, ತಿಂಗಳ ಸಂಬಳ, ಪಿಎಫ್ ಬೇರೆ. ಅವರು ಸೋಮಾರಿಗಳಾ? ಮುಂದಿನ ಕೊಯ್ಲಿಗೆ ಹೆಣ್ಣಾಳಿಗೂ ಗಂಡಾಳಿನಷ್ಟೇ ಕೊಟ್ಟು ನೋಡು. ಆಗಲೂ ಯಾರೂ ಬರಲಿಲ್ಲ ಅಂದರೆ ಫೋನ್ ಮಾಡು, ಅಕ್ಕಿ ವಿಷಯಕ್ಕೆ ಇನ್ನೊಂದು ಸಲ ಜಗಳ ಆಡೋಣ.